ವಾಸನೆ ಬಾರದ ಗುಂಡಿಯ ಕುರಿತು

ನೀರಿನ ಶುದ್ಧತೆ ಕಾಯುವ ಇಲಾಖೆಯ ಮುಖ್ಯಸ್ಥರಿಗೆ,

ಮಾನ್ಯರೇ, ತಮ್ಮ ಕರಡು ನಿಯಮಗಳಲ್ಲಿ ಈಗ ಬರೆದಿರುವ ಒಂದು ಮಾತನ್ನೇ ಅಂದು ನಂಬಿ ನನ್ನ ಅಣ್ಣ ಸತ್ತ. ಹಸು ಸಾಕುವವರೆಲ್ಲ ಸಗಣಿ, ಗಂಜಲವನ್ನು ಮುಚ್ಚಿದ ಗುಂಡಿಯಲ್ಲೇ ಶೇಖರಿಸತಕ್ಕದ್ದು ಎಂದಿದ್ದೀರಿ, ಒಪ್ಪಿದೆ. 'ದುರ್ವಾಸನೆ ಬಾರದ ಗುಂಡಿಯನ್ನು ಸುರಕ್ಷಿತವೆಂದು ಪರಿಗಣಿಸಲಾಗುವುದು' ಎಂದೂ ಬರೆದಿದ್ದೀರಿ. ಅದನ್ನು ನಾನು ಬದುಕಿರುವವರೆಗೂ ಒಪ್ಪಲಾರೆ.

ನೀರು ಕೆಡಿಸುವ ಹಕ್ಕು ಕೊಡಿ ಎಂದು ಕೇಳಲು ಬಂದವನಲ್ಲ ನಾನು. ನಮ್ಮ ಕೊಟ್ಟಿಗೆ ದಿಣ್ಣೆಯ ಮೇಲಿದೆ. ತೊಳೆದ ನೀರೆಲ್ಲ ಇಳಿದು ಕೆಳಗಿನ ಮನೆಯವರ ಬಾವಿ ಸೇರುತ್ತಿತ್ತು. ಒಂದು ದಿನ ಆ ಮನೆಯ ಬಾಣಂತಿ ಲೋಟದಲ್ಲಿ ಬಾವಿ ನೀರು ತಂದು, ನೀವೇ ಕುಡಿದು ನೋಡಿ ಎಂದು ಅಣ್ಣನ ಕೈಗಿಟ್ಟಳು. ಅವನು ತಲೆ ತಗ್ಗಿಸಿದ. ಆ ಬೇಸಿಗೆಯಲ್ಲೇ ಗುಂಡಿ ತೋಡಿಸಿ, ಕಾಂಕ್ರೀಟ್ ಹಾಕಿಸಿ, ಮೇಲೆ ಚಪ್ಪಡಿ ಮುಚ್ಚಿಸಿದ. ತಮ್ಮ ನಿಯಮ ಹುಟ್ಟುವ ಮೊದಲೇ ಅದನ್ನು ಪಾಲಿಸಿದ ಪುಣ್ಯಾತ್ಮ! ತಮ್ಮ ಇಲಾಖೆಯವರು ಬಂದು, ಏನೂ ವಾಸನೆಯೇ ಇಲ್ಲವಲ್ಲ ಎಂದು ಅವನ ಬೆನ್ನು ತಟ್ಟಿ, ಫೋಟೊ ತೆಗೆದುಕೊಂಡು ಹೋದರು.

ಒಂದು ಬೆಳಿಗ್ಗೆ ಗುಂಡಿಯ ಸಗಣಿನೀರು ಎತ್ತುವ ಪಂಪು ಕಟ್ಟಿಕೊಂಡಿತು. ಚಪ್ಪಡಿ ಸರಿಸಿದೆವು. ಕೊಳೆತ ಮೊಟ್ಟೆಯ ವಾಸನೆ ಗಪ್ಪೆಂದು ಬಡಿಯಿತು. ಸ್ವಲ್ಪ ಕಾಯೋಣ ಎಂದೆ. ಹಾಲಿನ ವ್ಯಾನು ಬರುವ ಹೊತ್ತು, ಅಣ್ಣನಿಗೆ ಆತುರ. ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡುತ್ತಿದ್ದವನು, "ವಾಸನೆ ಹೋಯ್ತು ಕಣೋ. ಇಳೀತೀನಿ" ಎಂದ. ಏಣಿಯ ಅರ್ಧಕ್ಕೇ ಕೈಬಿಟ್ಟು ಬಿದ್ದ. ಹಿಂದೆಯೇ ಇಳಿಯಹೊರಟ ನನ್ನನ್ನು ಅತ್ತಿಗೆ ಅಂಗಿ ಹಿಡಿದೆಳೆದು ನೆಲಕ್ಕೆ ಕೆಡವಿದರು. ಗುಂಡಿಯೊಳಗಿನ ಗಂಡನನ್ನು ಕೂಗುತ್ತಲೇ ಇದ್ದರು, ನನ್ನನ್ನು ಮಾತ್ರ ಬಿಡಲಿಲ್ಲ. ಆ ಗಾಳಿಯ ವಿಷ ಹೆಚ್ಚಾದಾಗ ಅದು ಮೊದಲು ವಾಸನೆ ಹಿಡಿಯುವ ಶಕ್ತಿಯನ್ನೇ ಸಾಯಿಸುತ್ತದೆ ಎಂದು ಡಾಕ್ಟರು ಆಮೇಲೆ ಹೇಳಿದರು. ವಾಸನೆ ಹೋಗಿರಲಿಲ್ಲ ಸ್ವಾಮಿ, ಅಣ್ಣನ ಮೂಗು ಹೋಗಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲರಿಗೂ ಶುದ್ಧ ಗಾಳಿಯೆಂದರೆ ಭಯ. ಅತ್ತಿಗೆ ಕೊಟ್ಟಿಗೆಯ ಬಾಗಿಲಲ್ಲೇ ನಿಂತು, ವಾಸನೆ ಬರ್ತಿದೆಯಾ ಎಂದು ನನ್ನನ್ನು ಕೇಳುತ್ತಾರೆ. ಹ್ಞೂಂ ಎಂದ ಮೇಲೆಯೇ ಹಾಲಿನ ಬಕೆಟ್ ಎತ್ತಿಕೊಳ್ಳುತ್ತಾರೆ. ನನಗೋ ನೆಗಡಿಯಾದರೆ ಜೀವ ಬಾಯಿಗೆ ಬರುತ್ತದೆ. ಬಚ್ಚಲಿಗೆ ಹೋಗಿ ಸೋಪು ಮೂಸುತ್ತ ಕೂರುತ್ತೇನೆ. ನಗಬೇಡಿ.

ಆ ಗುಂಡಿಗೆ ಮಣ್ಣು ತುಂಬಿಸಿದ್ದೇವೆ. ಈಗ ಮತ್ತೊಂದು ಕಟ್ಟಬೇಕು, ಇಲ್ಲವೇ ಹಸು ಮಾರಬೇಕು. ಕಟ್ಟುತ್ತೇವೆ, ಯಾರ ಬಾವಿಯೂ ಕೆಡಬಾರದು. ಆದರೆ ಪಂಪು ಎಂದಿಗೂ ಕಟ್ಟಿಕೊಳ್ಳಬಾರದೆಂಬ ನಿಯಮವನ್ನು ಪಂಪಿಗೂ ಕಳಿಸಿದ್ದೀರಾ? ಕಟ್ಟಿಕೊಂಡಾಗ ಇಳಿಯುವವರು ಯಾರು? ಮೀನಿನ ಆರೋಗ್ಯ, ಕಪ್ಪೆಯ ಸಂತಾನ, ಕೆರೆಯ ಪಾಚಿ ಎಲ್ಲಕ್ಕೂ ಕರಡಿನಲ್ಲಿ ಜಾಗವಿದೆ. ಸಗಣಿ ಬಾಚುವ ಮನುಷ್ಯರು ತಮ್ಮ ಕಣ್ಣಿಗೆ ಬೀಳಲೇ ಇಲ್ಲವೇ?

ಮೊನ್ನೆ ಅತ್ತಿಗೆಗೆ ಕರಡನ್ನು ಓದಿ ಹೇಳಿದೆ. ಕೇಳಿ ಅವರೆಂದರು:

"ಕಟ್ಸು. ಪಂಪು ಕಟ್ಕೊಂಡಾಗ ನಾನು ಇಳೀತೀನಿ. ನಿಂಗೆ ಮಕ್ಕಳಿದ್ದಾರೆ."

ಎಷ್ಟು ಬೇಡಿಕೊಂಡರೂ ಆ ಮಾತು ಹಿಂತೆಗೆದುಕೊಳ್ಳುತ್ತಿಲ್ಲ. ಆದ್ದರಿಂದ ತಮ್ಮನ್ನು ಬೇಡುತ್ತಿದ್ದೇನೆ. ವಾಸನೆಯ ಆ ಸಾಲನ್ನು ಹೊಡೆದುಹಾಕಿ. ಗುಂಡಿಗೆ ಯಾವ ಕಾರಣಕ್ಕೂ ಮನುಷ್ಯರು ಇಳಿಯಕೂಡದು, ಕಟ್ಟಿಕೊಂಡರೆ ಇಲಾಖೆಯ ಯಂತ್ರವೇ ಬಂದು ತೆಗೆಯತಕ್ಕದ್ದು ಎಂದು ಬರೆಯಿರಿ. ಬರೆದ ಪ್ರತಿಯನ್ನು ನನಗಲ್ಲ, ಅತ್ತಿಗೆಗೇ ಕಳಿಸಿ. ಸರ್ಕಾರದ ಆಜ್ಞೆಯೆಂದಾದರೂ ಆಕೆ ಬದುಕಿಕೊಳ್ಳಲಿ.

ಇಂತಿ ತಮ್ಮ ವಿಶ್ವಾಸಿ ಎನ್ನಲು ಮನಸ್ಸು ಬಾರದ,
ಅಣ್ಣನಿಲ್ಲದ ತಮ್ಮ