ಜೀರಿಗೆ, ಸಾಸಿವೆ, ದೊರೆ

ಮನೆಯಿಂದ,
ಭಾನುವಾರ, ಊಟವಾದ ಮೇಲೆ

ಪ್ರೀತಿಯ ಮಗಳೇ,

(ಹಾಗೆ ಕರೆದೆನೆಂದು ಮೂಗು ಮುರಿಯಬೇಡ. ನಿಮ್ಮಪ್ಪನನ್ನು ಮದುವೆಯಾದ ಮೇಲೆ ನಿನ್ನನ್ನು ಇನ್ನೇನೆಂದು ಕರೆಯಲಿ?) ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಹಾಸ್ಟೆಲ್ ಊಟದ ಮೇಲಿನ ಸಿಟ್ಟನ್ನು ಹೊಟ್ಟೆಯ ಮೇಲೆ ತೀರಿಸಿಕೊಳ್ಳಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ಹಾರುವ ಅಳಿಲಿನಂಥ ನಿನ್ನ ಶುಗರ್ ಗ್ಲೈಡರ್ ಮರಿಗಳು, ಜೀರಿಗೆ ಮತ್ತು ಸಾಸಿವೆ, ಹಗಲೆಲ್ಲ ಪಂಜರದಲ್ಲಿ ತೂಗುಹಾಕಿದ ಚೀಲದೊಳಗೆ ನಿದ್ದೆ. ಕತ್ತಲಾಯಿತೋ, ಕಂಕುಳಲ್ಲಿ ಬಟ್ಟೆ ಜಾಸ್ತಿ ಬಿಟ್ಟು ಹೊಲಿದ ಅಂಗಿಯಂಥ ಆ ಚರ್ಮ ಹರಡಿಕೊಂಡು ಒಂದೇ ಹಾರಾಟ. ನನ್ನ ಬೆಕ್ಕು ದೊರೆಯೂ ಕ್ಷೇಮ. ಅವನ ಹೆಸರು ಬಂತೆಂದು ಕಾಗದ ಮಡಚಿಡಬೇಡ ತಾಯೀ.

"ಅವರ ಬೆಕ್ಕು ಇರೋ ಮನೆಗೆ ನಾನು ರಜೆಗೆ ಬರಲ್ಲ" ಎಂದು ನೀನು ಫೋನಿನಲ್ಲಿ ಅಪ್ಪನಿಗೆ ಹೇಳಿದ್ದು ನನಗೂ ಕೇಳಿಸಿತು. ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆದರೆ ನಿನ್ನ ಭಯದಲ್ಲಿ ತಪ್ಪಿಲ್ಲ. ನಾನು ಈ ಮನೆಗೆ ಬಂದ ದಿನವೇ ದೊರೆ ಪಂಜರದ ಮೇಲೆ ಹತ್ತಿ ಕುಳಿತು ಒಳಕ್ಕೆ ಕೈ ಇಳಿಬಿಟ್ಟಿದ್ದ. ಪಾಪ, ನಿಮ್ಮಪ್ಪನಿಗೆ ಅತ್ತ ದರಿ ಇತ್ತ ಪುಲಿ. ಪುಲಿ ನೀನೋ ನಾನೋ ಅವರೇ ಹೇಳಬೇಕು. "ಬೆಕ್ಕನ್ನ ನಿನ್ನ ತಂಗಿ ಮನೆಗೆ ಬಿಡೋಣ್ವಾ?" ಎಂದರು. ಆಗುವುದಿಲ್ಲ ಎಂದೆ. ನಾನು ಒಂಟಿಯಾಗಿದ್ದ ವರ್ಷಗಳಲ್ಲಿ ಸಂಜೆ ಬಾಗಿಲು ತೆರೆದರೆ ಎದುರು ಬರುತ್ತಿದ್ದ ಜೀವ ಅದೊಂದೇ. ಬೆಕ್ಕೂ ಹೋಗುವುದಿಲ್ಲ, ನಿನ್ನ ಮರಿಗಳೂ ಹೋಗುವುದಿಲ್ಲ, ನೀನು ರಜೆಗೆ ಬಂದೇ ಬರಬೇಕು. ಇದು ನನ್ನ ಹಠ.

ಪಶುವೈದ್ಯರನ್ನು ಕೇಳಿದೆ. ಮೊದಲು ವಾಸನೆಯ ಪರಿಚಯವಾಗಲಿ, ಇವು ಮಲಗಿದ ಬಟ್ಟೆ ಅವನಿಗೆ, ಅವನು ಮಲಗಿದ ಬಟ್ಟೆ ಇವಕ್ಕೆ ಕೊಡಿ ಎಂದರು. ನನ್ನಂಥ ಟೈಲರ್ ಕೈಗೆ ಬಟ್ಟೆಯ ಕೆಲಸ ಸಿಕ್ಕರೆ ಕೇಳಬೇಕೇ! ಮೆತ್ತನೆಯ ತುಂಡುಗಳಿಗೆ ಅಂಚು ಹೊಲಿದೆ. ಒಬ್ಬರು ಮಲಗಿ ಎದ್ದದ್ದನ್ನು ಹಾಗೇ ಇನ್ನೊಬ್ಬರಿಗೆ ಕೊಡುವುದು ಹೇಗೆಂದು, ಪ್ರತಿಸಲ ಚೆನ್ನಾಗಿ ಒಗೆದು ಇಸ್ತ್ರಿ ಮಾಡಿ ಕೊಟ್ಟೆ. ವಾರವಾದರೂ ಏನೂ ಪ್ರಯೋಜನವಿಲ್ಲ. ವೈದ್ಯರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಅಮ್ಮಾ, ನೀವು ಪರಿಚಯ ಮಾಡ್ಸಿರೋದು ಸೋಪನ್ನ!"

ಈಗ ಒಗೆಯುವುದಿಲ್ಲ. ದೊರೆಯ ಬಟ್ಟೆ ಮೂಸಿದಾಗ ಎಣ್ಣೆ ಕಾಣದ ಹೊಲಿಗೆ ಯಂತ್ರದ ಹಾಗೆ ಕಿರುಗುಟ್ಟುತ್ತಿದ್ದ ಸಾಸಿವೆ ಈಗ ಅದರ ಮೇಲೇ ಮಲಗುತ್ತಾಳೆ. ದೊರೆಯ ಉಗುರು ಕತ್ತರಿಸಿದ್ದೇನೆ. ಸಂಜೆ ಅವನ ಹೊಟ್ಟೆ ತುಂಬಿಸಿ, ತೊಡೆಯ ಮೇಲೆ ಹಿಡಿದುಕೊಂಡು ಪಂಜರದಿಂದ ದೂರದಲ್ಲಿ ಕೂರುತ್ತೇನೆ. ನಿನ್ನೆ ಮರಿಗಳು ಜಾಲರಿಗೆ ಹಾರಿ ಅಂಟಿಕೊಂಡರೂ ಅವನು ಸುಮ್ಮನೆ ಆಕಳಿಸಿದ. ನನಗೆ ಕಣ್ಣು ತುಂಬಿ ಬಂತು. ಹಾಗೆಂದು ನಂಬಿ ಕೆಟ್ಟವಳಾಗಲಾರೆ, ಬೆಕ್ಕು ಬೆಕ್ಕೇ. ಅವನ ಹಲ್ಲು ಒಮ್ಮೆ ತಾಗಿದರೂ ಮರಿಗಳ ಪ್ರಾಣಕ್ಕೆ ಕುತ್ತು, ಎಂದೂ ಒಟ್ಟಿಗೆ ಹೊರಗೆ ಬಿಡಬೇಡಿ ಎಂದು ವೈದ್ಯರು ಹೇಳಿದ್ದಾರೆ. ಬಿಡುವುದಿಲ್ಲ. ಗೆಳೆತನವೇನೂ ಬೇಡ, ಅವರವರ ಪಾಡಿಗೆ ಅವರವರು ಇದ್ದರೆ ಸಾಕು.

ನಿಮ್ಮಪ್ಪ ಪಕ್ಕದಲ್ಲೇ ಕುಳಿತು "ನಾನು ಕೇಳ್ದೆ ಅಂತ ಬರಿ" ಎನ್ನುತ್ತಿದ್ದಾರೆ. ಬರೆದಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು, ಚೆನ್ನಾಗಿ ಓದು, ನೂರು ಕಾಲ ಬಾಳು.

ಇಂತು,
ನಿನ್ನ ಮನೆಯ ಬೆಕ್ಕಿನವಳು

ತಾ.ಕ.: ಅಂಚೆಗೆ ಹೊತ್ತಾಯಿತು, ಮುಖ್ಯ ಮಾತೇ ಮರೆತೆ. ಪಂಜರವನ್ನು ನಿನ್ನ ಕೋಣೆಗೆ ಸಾಗಿಸಿ, ಬಡಗಿಯನ್ನು ಕರೆಸಿ ಆ ಕೋಣೆಯ ಬಾಗಿಲಿಗೆ ಬೀಗ ಕೂರಿಸಿದ್ದೇನೆ. ಎರಡು ಕೀಲಿ ಕೊಟ್ಟ. ಒಂದು ಈ ಲಕೋಟೆಯಲ್ಲಿದೆ. ಇನ್ನೊಂದು ಮರಿಗಳಿಗೆ ಊಟ ಹಾಕುವುದಕ್ಕೆಂದು ನನ್ನ ಬಳಿ ಇದೆ; ನೀನು ಬಂದ ದಿನ ಅದನ್ನೂ ನಿನ್ನ ಕೈಗೇ ಕೊಡುತ್ತೇನೆ. ಆಮೇಲೆ ಬೆಕ್ಕಾಗಲಿ ನಾನಾಗಲಿ, ನೀನು ಬಾಗಿಲು ತೆಗೆದರಷ್ಟೇ ಒಳಗೆ ಬರುತ್ತೇವೆ.