ಮನೆಯಲ್ಲೇ ಶಾಖ ಕೊಡಿ ಎಂದವರಿಗೆ

ಮಾನ್ಯ ಚಿಕಿತ್ಸಾ ಮಂಜೂರಾತಿ ಅಧಿಕಾರಿಗಳೇ,

ನನ್ನ ಅಕ್ಕ ಉಡಚಮ್ಮನ ಲಿವರ್ ಕ್ಯಾನ್ಸರಿಗೆ ವೈದ್ಯರು ಸೂಚಿಸಿದ ಚಿಕಿತ್ಸೆಯಲ್ಲಿ ಅರ್ಧವನ್ನು ನೀವು ಒಪ್ಪಿದಿರಿ, ಇನ್ನರ್ಧವನ್ನು ತಿರಸ್ಕರಿಸಿದಿರಿ. ತಿರಸ್ಕರಿಸಿದ್ದು ಒಂದು ಕನ್ನಡ ಪದದ ಕಾರಣಕ್ಕೆ. ಆ ಪದ 'ಶಾಖ'. ಅಕ್ಕ ಈಗಿಲ್ಲ. ಆದ್ದರಿಂದ ಈ ಬಹಿರಂಗ ಪತ್ರವನ್ನು ತುರ್ತು ಎಂದು ಪರಿಗಣಿಸುವ ತೊಂದರೆ ನಿಮಗಿಲ್ಲ. ನಿಧಾನವಾಗಿ ಓದಿ.

ಅಕ್ಕನದು ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿ. ಕಾಯಿಲೆ ಗೊತ್ತಾಗುವಷ್ಟರಲ್ಲಿ ಗಡ್ಡೆ ಕೊಯ್ದು ತೆಗೆಯುವ ಹಂತ ದಾಟಿಹೋಗಿತ್ತು. ಪರವೂರಿನ ದೊಡ್ಡ ಆಸ್ಪತ್ರೆಯ ವೈದ್ಯರು ಸುಳ್ಳು ಭರವಸೆ ಕೊಡಲಿಲ್ಲ. ರಕ್ತನಾಳದ ಮೂಲಕ ಗಡ್ಡೆಗೇ ಔಷಧಿ ಬಿಡುತ್ತೇವೆ, ಅದರ ಜೊತೆಗೇ ಯಂತ್ರದಿಂದ ಲಿವರಿನೊಳಗೆ ಅಳತೆಯ ಶಾಖ ಹಾಯಿಸುತ್ತೇವೆ, ಕಾದ ಗಡ್ಡೆಗೆ ಔಷಧಿ ಹೆಚ್ಚು ತಾಗಬಹುದು ಎಂದರು. "ವಾಸಿಯಾಗುತ್ತೆ ಅನ್ನಲ್ಲ. ನೋವು ಇಳಿದು ಸ್ವಲ್ಪ ಕಾಲ ಸಿಕ್ಕರೆ ಅದೇ ದೊಡ್ಡದು" ಎಂದೂ ಹೇಳಿದರು. ಅಕ್ಕನಿಗೆ ಬೇಕಾಗಿದ್ದು ಆ ಸ್ವಲ್ಪ ಕಾಲವೇ. ಮಗಳು ಭವ್ಯಾ ಚೊಚ್ಚಲ ಬಸುರಿ. "ಮಗಳ ಬಾಣಂತನ ಒಂದು ಮಾಡಿಬಿಟ್ರೆ ಸಾಕ್ರಿ ಡಾಕ್ಟ್ರೇ, ಆಮ್ಯಾಲೆ ನಾನೇನೂ ಕೇಳಲ್ಲ" ಎಂದಳು.

ಚಿಕಿತ್ಸೆಯ ಖರ್ಚು ಭರಿಸಬೇಕಾದ ನಿಮ್ಮ ಕಚೇರಿ ಔಷಧಿಗೆ ಒಪ್ಪಿಗೆ ಕೊಟ್ಟಿತು, ಶಾಖಕ್ಕೆ ಕೊಡಲಿಲ್ಲ. ಶಾಖಕ್ಕಾಗಿ ನಾನು ದಾವಣಗೆರೆಯ ನಿಮ್ಮ ಶಾಖೆಗೆ ಬಂದೆ. ಕಿಟಕಿಯಾಚೆ ಕೂತ ಸಿಬ್ಬಂದಿ ಕಂಪ್ಯೂಟರ್ ನೋಡಿ ಸಮಾಧಾನವಾಗಿಯೇ ವಿವರಿಸಿದರು: "ಶಾಖ ಚಿಕಿತ್ಸೆ ಫಿಸಿಯೋಥೆರಪಿ ಒಳಗೆ ಬರ್ತೈತೆ ಸರ್. ಮಂಡಿನೋವಿಗೆ ಕೊಡ್ತಾರಲ್ಲ, ಅದು. ಅದಕ್ಕೆಲ್ಲ ಅಡ್ಮಿಟ್ ಯಾಕ? ಮನೇಲೇ ಕೊಡ್ರಿ." ಇದು ಆ ಶಾಖವಲ್ಲ ಎಂದೆ. "ನಮ್ಮಲ್ಲಿರೋದು ಅದೊಂದೇ ಶಾಖ" ಎಂದರು. ಮೇಲ್ಮನವಿ ಕೊಟ್ಟು ಹೊರಬಂದೆ.

ಮಾನ್ಯರೇ, ಕನ್ನಡದಲ್ಲಿ ಆಡಳಿತ ನಡೆಸುವ ನಿಮ್ಮ ಅಭಿಮಾನ ದೊಡ್ಡದು. ಒಂದೇ ಪದದಲ್ಲಿ ಮಂಡಿಯನ್ನೂ ಲಿವರನ್ನೂ ವಿಲೇವಾರಿ ಮಾಡಿದ ನಿಮ್ಮ ಮಿತವ್ಯಯ ಇನ್ನೂ ದೊಡ್ಡದು. ಆದರೆ ವೈದ್ಯರು ಇಂಗ್ಲಿಷಿನಲ್ಲಿ ಬರೆದದ್ದನ್ನು ಹೀಗೆ ಕನ್ನಡಕ್ಕೆ ತಂದವರು ಯಾರು? ತಂದ ಮೇಲೆ ಅದನ್ನು ಓದಿದವರು ಯಾರು? ಈ ಚಿಕಿತ್ಸೆ ಇನ್ನೂ ಹೊಸದು, ಪುರಾವೆ ಸಾಲದು ಎಂದು ನೀವು ಹೇಳಿದ್ದರೆ ನಾನು ತಲೆಬಾಗುತ್ತಿದ್ದೆ. ವಾದಿಸುವಷ್ಟು ಓದಿದವನು ನಾನಲ್ಲ. ನೀವು ಹಾಗೆ ಹೇಳಲಿಲ್ಲ. ಮನೆಯಲ್ಲೇ ಕೊಡಿ ಎಂದಿರಿ.

ಕೊಟ್ಟರು. ನಿಮ್ಮವರ ಮಾತನ್ನು ನಾನು ಸಿಟ್ಟಿನಲ್ಲಿ ಮನೆಯವರ ಮುಂದೆ ಹೇಳಿದ್ದೆ. ಅಕ್ಕನ ಗಂಡ ಕಾಟಪ್ಪನವರಿಗೆ ಅದರಲ್ಲಿ ದಾರಿ ಕಂಡಿತು. ನಮ್ಮ ಕಡೆ ಗೋಧಿ ಹೊಟ್ಟನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಹಂಚಿನ ಮೇಲೆ ಕಾಯಿಸಿ, ಬಾಣಂತಿಯ ಸೊಂಟಕ್ಕೋ ಉಳುಕಿದ ಕಾಲಿಗೋ ಒತ್ತುವುದಕ್ಕೇ ಶಾಖ ಕೊಡುವುದು ಎನ್ನುತ್ತಾರೆ. ಭಾವ ಅದನ್ನೇ ಬೆಳಿಗ್ಗೆ ಸಂಜೆ ಅಕ್ಕನ ಬಲಪಕ್ಕೆಗೆ ಒತ್ತಿದರು. "ಆಫೀಸ್ನೋರೇ ಹೇಳ್ಯಾರೆ, ಸ್ವಲ್ಪ ತಡ್ಕ" ಎನ್ನುತ್ತಿದ್ದರಂತೆ. ಅವಳು ತಡೆದುಕೊಂಡಳು. ನಾನು ಊರಿಗೆ ಹೋಗಿ ನೋಡುವಾಗ ಪಕ್ಕೆಯ ಚರ್ಮ ಗುಳ್ಳೆಯೆದ್ದು ಒಡೆದಿತ್ತು. ನನಗೆ ಅಳು ತಡೆಯಲಾಗಲಿಲ್ಲ. "ಯಾಕ ಅಳ್ತಿ ತಮ್ಮಾ, ಒಳಗೆ ಮುಟ್ಟೈತೆ" ಎಂದು ಅವಳೇ ನನಗೆ ಸಮಾಧಾನ ಹೇಳಿದಳು.

ಆಮೇಲೆ ಮೇಲ್ಮನವಿಗೆ ಒಪ್ಪಿಗೆ ಬಂತು. ನಿಮ್ಮಲ್ಲಿ ಯಾರೋ ಒಬ್ಬರು ಅದನ್ನು ಓದಿದರು, ಅವರಿಗೆ ನಮಸ್ಕಾರ. ಆದರೆ ಆಸ್ಪತ್ರೆಯವರು ಒಡೆದ ಚರ್ಮದ ಮೇಲೆ ಯಂತ್ರ ಇಡಲಾಗದು, ಮೊದಲು ಗಾಯ ಮಾಯಲಿ ಎಂದರು. ಅದು ಮಾಯುವ ಮೊದಲೇ ಅಕ್ಕನ ಕಣ್ಣು ಹಳದಿಯಾಯಿತು, ಹೊಟ್ಟೆಯಲ್ಲಿ ನೀರು ತುಂಬಿತು. ಭವ್ಯಾಳಿಗೆ ಮಗು ಹುಟ್ಟಿದ್ದು ಅಕ್ಕನ ತಿಥಿ ಮುಗಿದ ಮೇಲೆ. ಬಾಣಂತನವನ್ನು ನನ್ನ ಹೆಂಡತಿ ನೇತ್ರಾವತಿ ಮಾಡಿದಳು.

ನನ್ನ ಬೇಡಿಕೆ ಇಷ್ಟೇ. ನಿಮ್ಮ ಕಂಪ್ಯೂಟರಿನಲ್ಲಿ ಎರಡು ಶಾಖಗಳನ್ನು ಬೇರೆ ಮಾಡಿ. ಮನಸ್ಸು ಮಾಡಿದರೆ ಅದು ಒಂದು ಮಧ್ಯಾಹ್ನದ ಕೆಲಸ. ಇನ್ನೊಂದು ಸ್ವಲ್ಪ ಕಷ್ಟದ್ದು. ಮೊನ್ನೆ ಭಾವ ನನ್ನನ್ನು ಕೇಳಿದರು: "ಅವಳು ಮುಖ ಕಿವುಚಿದ್ರೆ ನಾನು ಗಂಟು ಹಿಂದಕ್ಕೆ ತಗೀತಿದ್ದೆ ಶಿವಮೂರ್ತಿ. ಇನ್ನೊಂದಿಷ್ಟು ಬಿಸಿ ಮುಟ್ಟಿಸಿದ್ರೆ ಉಳೀತಿದ್ಲೇನೋ?" ಹಾಗಲ್ಲ ಭಾವ ಎಂದೆ. ನಂಬಲಿಲ್ಲ, ನಾನು ಆಫೀಸಿನವನಲ್ಲವಲ್ಲ. ಆದ್ದರಿಂದ ನೀವೇ ಕಡರನಾಯಕನಹಳ್ಳಿಗೆ ಬರಬೇಕು. ಆಸ್ಪತ್ರೆಯ ಶಾಖ ಬೇರೆ, ಮನೆಯ ಶಾಖ ಬೇರೆ, ತಪ್ಪು ಹೇಳಿದವರು ನಾವು ಎಂದು ಅವರೆದುರು ಕೂತು ಹೇಳಬೇಕು. ಗಾಯದಿಂದಾಗಿ ಯಂತ್ರ ಇಡಲಾಗಲಿಲ್ಲ ಎಂಬುದನ್ನು ಮಾತ್ರ ದಯವಿಟ್ಟು ಹೇಳಬೇಡಿ. ಅದನ್ನು ಅವರಿಗೆ ತಿಳಿಸದೆ ಇಟ್ಟಿದ್ದೇವೆ. ಭಾವನಿಗೆ ಓದಲು ಬರುವುದಿಲ್ಲ, ಆ ಧೈರ್ಯದಿಂದಲೇ ಇದನ್ನೆಲ್ಲ ಬಹಿರಂಗವಾಗಿ ಬರೆದಿದ್ದೇನೆ.

ಇಂತಿ,
ನಿಮ್ಮ ಉತ್ತರವನ್ನು ಊರಿಗೆ ಮುಟ್ಟಿಸಿದವನು,
ಶಿವಮೂರ್ತಿ
ನಿಟ್ಟುವಳ್ಳಿ, ದಾವಣಗೆರೆ