ಮೂರನೇ ಡೋಸ್

ಮಾರ್ಚ್ ೧೭, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ. ಊಟವೂ ಸೇರಲಿಲ್ಲ.

ಏಳು ತಿಂಗಳಿಗೇ ಹುಟ್ಟಿದ ಕೂಸು, ನಮ್ಮ ವಾರ್ಡಿನ ಗುಬ್ಬಿ. ಹೃದಯದ ಹತ್ತಿರ ಮುಚ್ಚದೆ ಉಳಿದ ರಕ್ತನಾಳ ಮುಚ್ಚಲೆಂದು ದಿನಕ್ಕೊಂದರಂತೆ ಮೂರು ಡೋಸ್ ಐಬುಪ್ರೊಫೇನ್ ಕೊಡುತ್ತಿದ್ದೇವೆ. ದೊಡ್ಡವರು ಮೈಕೈ ನೋವಿಗೆ ನುಂಗುವ ಅದೇ ಮದ್ದು. ಕಿಡ್ನಿಗೆ ಪೆಟ್ಟು ಬಿದ್ದೀತೆಂದು ಪ್ರತಿ ಡೈಪರನ್ನೂ ತೂಗಿ ಬರೆಯುತ್ತೇವೆ. ಇವತ್ತು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ಡೈಪರ್ ಒದ್ದೆಯೇ ಆಗಲಿಲ್ಲ.

ದೊಡ್ಡ ಡಾಕ್ಟರಿಗೆ ಫೋನ್ ಮಾಡಿದೆ.

“ಸಾರ್, ಮಗು ಬೆಳಿಗ್ಗೆ ಎಂಟರಿಂದ ಉಚ್ಚೆ ಮಾಡಿಲ್ಲ. ಮೂರನೇ ಡೋಸ್ ತಡೀಲಾ?”

“ಬರೆದಿದ್ದನ್ನ ಹಾಕಮ್ಮ. ಡಾಕ್ಟರ್ ನೀನಾ, ನಾನಾ?”

ನಾನು ಹಾಕಲಿಲ್ಲ. ಸಿರಿಂಜನ್ನು ಟ್ರೇಯಲ್ಲೇ ಬಿಟ್ಟು, ಕಿರಿಯ ಡಾಕ್ಟರನ್ನು ಕಾಡಿ ರಕ್ತ ಪರೀಕ್ಷೆ ಮಾಡಿಸಿದೆ. ಕಿಡ್ನಿ ಸೋಲುತ್ತಿದೆ ಎಂದು ವರದಿ ಬಂತು. ಆಗ ಓಡಿಬಂದ ದೊಡ್ಡ ಡಾಕ್ಟರು ಫೈಲಿನಲ್ಲಿ ‘ಡೋಸ್ ನಿಲ್ಲಿಸಿದ್ದೇನೆ’ ಎಂದು ಬರೆದು, ಗುಬ್ಬಿಯ ತಾಯಿಗೆ, “ಸರಿಯಾದ ಹೊತ್ತಿಗೆ ನನ್ನ ಕಣ್ಣಿಗೆ ಬಿತ್ತು, ಹೆದರಬೇಡಿ” ಎಂದರು. ಆಕೆ ಕೈಮುಗಿದಳು. ಪಕ್ಕದಲ್ಲೇ ಇದ್ದ ನಾನು ಆ ಸಿರಿಂಜಿನ ಟ್ರೇ ಎತ್ತಿಟ್ಟೆ.

ಅವರು ಹೋದ ಮೇಲೆ ಆಕೆ ನನಗೆ, “ಸಿಸ್ಟರ್, ಇನ್ಮೇಲಾದ್ರೂ ನೀವು ಸ್ವಲ್ಪ ಗಮನ ಇಡಿ” ಎಂದಳು.

ಹಸಿ ಬಾಣಂತಿ, ಅವಳ ಮೇಲೆ ಏನು ಸಿಟ್ಟು ಮಾಡಲಿ? ನನ್ನ ಬಾಯಿಗೆ ಏನು ಬಡಿದಿತ್ತು?

ಸಂಜೆ ಆರಕ್ಕೆ ಡೈಪರ್ ಒದ್ದೆಯಾಗಿ ಒಂಬತ್ತು ಗ್ರಾಂ ಹೆಚ್ಚು ತೂಗಿತು. ಕೂಸು ಉಳಿದುಕೊಂಡೀತು.

ಡಾಕ್ಟರ ಸಾಲಿನ ಕೆಳಗೇ ಬರೆದು ಬಂದಿದ್ದೇನೆ: ‘ಎರಡು ಹತ್ತಕ್ಕೆ ಫೋನಿನಲ್ಲಿ ತಿಳಿಸಿದೆ. ಹಾಕಲು ಹೇಳಿದರು. ನಾನು ಹಾಕಲಿಲ್ಲ.’ ಸಹಿಯನ್ನೂ ಮಾಡಿದ್ದೇನೆ. ನಾಳೆ ಕರೆಸಿ ಕೇಳಲಿ, ಆ ತಾಯಿಯ ಎದುರಿಗೇ ಓದಿ ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ.